ಸೀರೆ ಉಟ್ಟು ನಿಲ್ಲುವ ಕೆಲಸಕ್ಕೆ ಸರ ಗಿರವಿ ಇಡಬೇಕೇ?

ಮಧುಗಿರಿ: ಮದುವೆ ಜವಳಿ ತೆಗೆಯಲು ಬಂದವರ ಮುಂದೆ ಇಪ್ಪತ್ತು ಸೀರೆ ಬಿಚ್ಚಿ ಹಾಕಿದ್ದಾಗಿದೆ. ಹುಡುಗಿಯ ತಾಯಿಗೆ ಒಂದೂ ಒಪ್ಪಿಗೆಯಿಲ್ಲ. "ಸೆರಗು ಹೆಂಗೆ ಬೀಳುತ್ತೆ ತೋರಿಸಪ್ಪಾ" ಅಂತಾರೆ. ಅಂಗಡಿ ಹುಡುಗ ಹಿಂದೆಮುಂದೆ ನೋಡುವುದಿಲ್ಲ. ಪ್ಯಾಂಟಿನ ಮೇಲೇ ನಾಲ್ಕು ನೆರಿಗೆ ಹಿಡಿದು ಸಿಕ್ಕಿಸಿ, ಸೆರಗನ್ನು ಹೆಗಲ ಮೇಲೆ ಎಸೆದು, ಮೀಸೆ ಮುಖದಲ್ಲೇ ಒಂದು ಸುತ್ತು ತಿರುಗಿ ನಿಲ್ಲುತ್ತಾನೆ. ಮದುವಣಗಿತ್ತಿ ಕಿಸಕ್ಕನೆ ನಗುತ್ತಾಳೆ. ಸೀರೆ ಬಿಲ್ಲಾಗುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಪೇಟೆಯ ಜವಳಿ ಅಂಗಡಿಗೆ ಹೋದರೂ ಈ ನೋಟ ಹೊಸದಲ್ಲ. ಮಾಡೆಲಿಂಗ್ ಅಂದರೆ ಇದೇ ಸ್ವಾಮಿ. ಬಟ್ಟೆ ಮೈಮೇಲೆ ಹೇಗೆ ಕಾಣುತ್ತದೆ ಅಂತ ಕೊಳ್ಳುವವರಿಗೆ ತೋರಿಸುವುದು. ಆ ಹುಡುಗನಿಗೆ ತಿಂಗಳಾದರೆ ಸಂಬಳ ಉಂಟು. "ನೀನು ಸೆರಗು ಹಾಕಿಕೊಂಡೆಯಲ್ಲ, ಅದಕ್ಕೆ ನನಗೆ ಐದು ಸಾವಿರ ಕಟ್ಟು" ಅಂತ ಯಾವ ಮಾಲೀಕನಾದರೂ ಕೇಳಿಯಾನೇ? ಕೇಳಿದರೆ ಅವನಿಗೆ ತಲೆ ಕೆಟ್ಟಿದೆ ಅಂತಾರೆ.

ಇದೇ ಮಾತನ್ನು ಮೊಬೈಲಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ನಂಬುವವರಿದ್ದಾರೆ. "ಹೆಸರಾಂತ ಕಂಪನಿಯ ಕ್ಯಾಟಲಾಗಿಗೆ ಮಾಡೆಲುಗಳು ಬೇಕಾಗಿದ್ದಾರೆ, ಅನುಭವ ಬೇಕಿಲ್ಲ, ದಿನಕ್ಕೆ ಸಾವಿರಾರು ರೂಪಾಯಿ, ಇಂದೇ ನೋಂದಾಯಿಸಿ."

ತುಮಕೂರು ಮುಟ್ಟುವಷ್ಟರಲ್ಲಿ!

ಒಂದು ಮನೆಯ ಲೆಕ್ಕ ಹೀಗಿಟ್ಟುಕೊಳ್ಳಿ. ಪಾವಗಡದಿಂದ ತುಮಕೂರಿಗೆ ಹೊರಟ ಬಸ್ಸು. ಕಿಟಕಿ ಪಕ್ಕ ಕಾಲೇಜು ಹುಡುಗಿ. ಮೊಬೈಲಿನಲ್ಲಿ ಜಾಹೀರಾತು ಕಂಡಿತು. ಬಸ್ಸು ಮಧುಗಿರಿ ಬಿಡುವಾಗ ಎರಡು ಫೋಟೋ ಕಳಿಸಿದಳು. ಕೊರಟಗೆರೆ ಬರುವುದರೊಳಗೆ "ಅಭಿನಂದನೆ, ನೀವು ಸೆಲೆಕ್ಟ್ ಆಗಿದ್ದೀರಿ" ಅಂತ ಉತ್ತರ. ಯಾರೂ ಕಣ್ಣಾರೆ ನೋಡಲಿಲ್ಲ, ಎತ್ತರ ಕೇಳಲಿಲ್ಲ, ಅಳತೆ ಕೇಳಲಿಲ್ಲ. ಆದರೂ ಸೆಲೆಕ್ಟ್! ತುಮಕೂರು ಮುಟ್ಟುವಷ್ಟರಲ್ಲಿ "ನೋಂದಣಿಗೆ 999 ರೂ. ಮಾತ್ರ."

ಮಾರನೆಯ ದಿನ ಪೋರ್ಟ್‌ಫೋಲಿಯೋ ಅಂದರೆ ಫೋಟೋ ಆಲ್ಬಮ್ಮಿಗೆ 7,500. ಅದರ ಮಾರನೆಯ ದಿನ ಬಟ್ಟೆಗೆ ಡಿಪಾಜಿಟ್ಟು 5,000, 'ವಾಪಸು ಕೊಡ್ತೀವಿ' ಅಂತ ಭರವಸೆ. ಕೊನೆಗೆ ಒಟ್ಟು ಮೊತ್ತದ ಮೇಲೆ ಶೇಕಡಾ 18 ಜಿಎಸ್‌ಟಿ. ಅಂಗಡಿಯವರು ಕೂಡಿಸಿ ನೋಡಲಿ: ಹದಿನಾರು ಸಾವಿರಕ್ಕೆ ಎಪ್ಪತ್ತೊಂದು ರೂಪಾಯಿ ಕಮ್ಮಿ. ಈ ಹಣ ಹುಡುಗಿಯ ಕೈಯಲ್ಲಿ ಎಲ್ಲಿಂದ ಬರಬೇಕು? ಅಮ್ಮನ ಕೊರಳ ಸರ ಗಿರವಿ ಅಂಗಡಿಗೆ ಹೋಗುತ್ತದೆ. ಅಪ್ಪನಿಗೆ ಹೇಳಿರುವುದಿಲ್ಲ. ಮುಂದಿನ ವಾರ ಆ ನಂಬರು ಸ್ವಿಚ್ಚಾಫ್.

ಹಣ ಹೋದದ್ದು ಒಂದು ಸಂಕಟ. ಹೇಳಿಕೊಂಡರೆ ಮನೆಯಲ್ಲಿ ಬೈಗುಳ, ಊರಿನಲ್ಲಿ ನಗೆಪಾಟಲು, ಕಾಲೇಜು ಬಿಡಿಸಿಬಿಟ್ಟಾರೆಂಬ ಭಯ. ಅದು ಇನ್ನೊಂದು ಸಂಕಟ. ಬಾಯಿ ಮುಚ್ಚಿಕೊಂಡು ಕೂತವರ ಮೌನವೇ ಈ ವಂಚಕರ ಬಂಡವಾಳ.

ಕೆಲಸ ಸುಳ್ಳಲ್ಲ

ಹಾಗಾದರೆ ಕ್ಯಾಟಲಾಗ್ ಮಾಡೆಲ್ ಅನ್ನುವುದೇ ಬರೀ ಮೋಸವೇ? ಖಂಡಿತ ಅಲ್ಲ. ಕೆಲಸ ನಿಜ, ದುಡ್ಡೂ ನಿಜ. ಅದಕ್ಕೇ ಸುಳ್ಳು ಸಲೀಸಾಗಿ ಓಡುತ್ತದೆ. ಖೋಟಾ ನೋಟು ಚಲಾವಣೆ ಆಗೋದು ಅಸಲಿ ನೋಟು ಇರೋದರಿಂದಲೇ ತಾನೆ?

ಕ್ಯಾಟಲಾಗ್ ಅಂದರೆ ಬೆಲೆಪಟ್ಟಿ. ಅಮೆರಿಕದ ಷಿಕಾಗೋದಲ್ಲಿ ಮಾಂಟ್‌ಗೊಮರಿ ವಾರ್ಡ್ ಎಂಬಾತ 1872ರಲ್ಲಿ ಒಂದೇ ಹಾಳೆಯ ಪಟ್ಟಿ ಅಚ್ಚು ಹಾಕಿಸಿ ಹಳ್ಳಿ ರೈತರಿಗೆ ಅಂಚೆಯಲ್ಲಿ ಕಳಿಸಿದ. ಅವನ ಹಿಂದೆಯೇ ಬಂದ ಸಿಯರ್ಸ್ ಕಂಪನಿಯ ಪಟ್ಟಿ ಇಟ್ಟಿಗೆಯಷ್ಟು ದಪ್ಪ ಪುಸ್ತಕವಾಗಿ ಬೆಳೆದು 1993ರವರೆಗೆ ಮನೆಮನೆಗೆ ಹೋಯಿತು. ಆ ಪುಟಗಳಲ್ಲಿ ಕೋಟು, ಲಂಗ, ಸ್ವೆಟರ್ ತೊಟ್ಟು ನಿಂತವರೇ ಕ್ಯಾಟಲಾಗ್ ಮಾಡೆಲುಗಳು. ಹೆಸರು ಅಚ್ಚಾಗುತ್ತಿರಲಿಲ್ಲ. ದಿನಗೂಲಿ ಮಾತ್ರ ಸಿಗುತ್ತಿತ್ತು. ಈ ಕಡೆಯ ಹಳಬರಿಗೆ ವಾರಪತ್ರಿಕೆಯ ಜಾಹೀರಾತು ನೋಡಿ ವಿ.ಪಿ.ಪಿ.ಯಲ್ಲಿ ಗಡಿಯಾರ ತರಿಸಿದ ನೆನಪಿರಬೇಕು. ಅದೂ ಅದೇ ಜಾತಿಯ ವ್ಯಾಪಾರ.

ಬೆಂಗಳೂರಿಗೂ ಈ ವ್ಯಾಪಾರಕ್ಕೂ ಹಳೆಯ ನಂಟುಂಟು. ಇಂಗ್ಲೆಂಡಿನ ಲಿವರ್‌ಪೂಲಿನ ಲಿಟಲ್‌ವುಡ್ಸ್ ಕಂಪನಿ 1932ರಲ್ಲಿ ಅಂಚೆ ಮೂಲಕ ಮಾರಾಟಕ್ಕಿಳಿದದ್ದು. ಅದೇ ಕಂಪನಿಯ ಭಾರತದ ವಹಿವಾಟನ್ನು, ಬೆಂಗಳೂರಿನ ಅಂಗಡಿ ಸಮೇತ, ಟಾಟಾದವರ ಟ್ರೆಂಟ್ ಸಂಸ್ಥೆ 1998ರಲ್ಲಿ ಕೊಂಡು ವೆಸ್ಟ್‌ಸೈಡ್ ಅಂತ ಹೆಸರಿಟ್ಟಿತು. 2007ರಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ, 2015ರಲ್ಲಿ ಮೀಶೋ, ಮೂರೂ ಹುಟ್ಟಿದ್ದು ಬೆಂಗಳೂರಿನಲ್ಲೇ. ದಪ್ಪ ಪುಸ್ತಕ ಹೋಗಿ ಮೊಬೈಲಿನ ಪರದೆ ಬಂತು. ಪುಸ್ತಕಕ್ಕಾದರೆ ಪುಟದ ಮಿತಿ ಇತ್ತು, ಪರದೆಗೆ ಮಿತಿಯಿಲ್ಲ. ಪ್ರತಿಯೊಂದು ಅಂಗಿಗೂ ನಾಲ್ಕೈದು ಫೋಟೋ ಬೇಕು. ಅದನ್ನು ತೊಡಲು ಯಾರಾದರೂ ಬೇಕು. ಮಧುಗಿರಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಈ ಕೆಲಸ ನಿತ್ಯ ನಡೆಯುತ್ತದೆ.

ಗೊಂಬೆಯ ಹಾಗೆ ನಿಲ್ಲೋದು ಸುಲಭವೇ?

ಸ್ಟುಡಿಯೋ ಅಂದರೆ ಸಿನಿಮಾ ಸೆಟ್ಟು ಅಂದುಕೊಂಡು ಹೋದವರಿಗೆ ನಿರಾಶೆ ಕಾದಿದೆ. ಒಂದು ಬಿಳಿ ಪರದೆ, ನಾಲ್ಕು ದೀಪ, ಇಸ್ತ್ರಿ ಮಾಡುವವನೊಬ್ಬ, ಸಾಲಾಗಿ ತೂಗುಹಾಕಿದ ಬಟ್ಟೆ. ಬೆಳಿಗ್ಗೆ ಹೋದರೆ ಸಂಜೆಯೊಳಗೆ ಹತ್ತಾರು ಜೊತೆ ಬಟ್ಟೆ ಬದಲಾಯಿಸಬೇಕು. ಎದುರು ನಿಲ್ಲು, ಪಕ್ಕಕ್ಕೆ ತಿರುಗು, ಬೆನ್ನು ತೋರಿಸು, ಕೈ ಜೇಬಿಗೆ ಹಾಕು, ಮುಗೀತು, ಮುಂದಿನದು. ಅಂಗಿ ದೊಗಲೆಯಾದರೆ ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಾರೆ. ಮುಂದಿನಿಂದ ಅಚ್ಚುಕಟ್ಟು, ಹಿಂದಿನಿಂದ ಮುಳ್ಳುಹಂದಿ! ಎಷ್ಟೋ ಚಿತ್ರಗಳಲ್ಲಿ ಮೂಗಿನಿಂದ ಮೇಲೆ ಮುಖವೇ ಇರುವುದಿಲ್ಲ. ಯಾಕಂದರೆ ಮಾರಾಟಕ್ಕಿರುವುದು ಅಂಗಿ, ಮುಖವಲ್ಲ.

ಇಲ್ಲಿ ಬೇಕಾದದ್ದು ತಾಳ್ಮೆ. ಹೇಳಿದ ಸಮಯಕ್ಕೆ ಹಾಜರಿರಬೇಕು. ಬಟ್ಟೆಗೆ ಪೌಡರು, ಕುಂಕುಮದ ಕಲೆ ಮಾಡಬಾರದು. ಐವತ್ತನೆಯ ಅಂಗಿಗೂ ಮೊದಲನೆಯದಕ್ಕಿದ್ದ ಮುಖವನ್ನೇ ಇಟ್ಟುಕೊಳ್ಳಬೇಕು. ಸೀರೆಯಾದರೆ ಬೇಗ ಉಡಲು ಬರಬೇಕು, ನೆರಿಗೆ ಕೆಡದ ಹಾಗೆ ನಿಲ್ಲಬೇಕು. ಇದನ್ನು ಬಲ್ಲವರಿಗೆ ಮತ್ತೆ ಕರೆ ಬರುತ್ತದೆ. ದುಡ್ಡು ಸಂಜೆಯೇ ಕೈಗೆ ಬರುತ್ತದೆ ಅಂತಲ್ಲ. ಬಿಲ್ಲು ಹಾಕಿ ಒಂದೆರಡು ತಿಂಗಳು ಕಾಯುವುದು ಈ ಕಸುಬಿನಲ್ಲಿ ಮಾಮೂಲು. ಸಾಲ ಕೊಟ್ಟು ವಸೂಲಿಗೆ ಅಲೆದ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎತ್ತರವೂ ಒಂದು ಲೆಕ್ಕ. ಹೆಂಗಸರಿಗೆ ಐದಡಿ ಆರಿಂಚಿನ ಆಸುಪಾಸು, ಗಂಡಸರಿಗೆ ಆರಡಿಯ ಹತ್ತಿರ ಅಂತ ದೊಡ್ಡ ಕಂಪನಿಗಳು ಕೇಳುವುದುಂಟು. ಅದು ಜಂಬಕ್ಕಲ್ಲ. ಮಾದರಿ ಬಟ್ಟೆ ಹೊಲಿದಿರುವುದೇ ಒಂದೇ ಅಳತೆಗೆ. ಆ ಅಳತೆಗೆ ಕೂಡದವರು ದೊಡ್ಡ ಸೈಜಿನ ಉಡುಪು, ಸೀರೆ, ಹಿರಿಯರ ಉಡುಪು, ಬಳೆಗೆ ಕೈ, ಚಪ್ಪಲಿಗೆ ಪಾದ, ಎಣ್ಣೆಗೆ ಜಡೆ, ಹೀಗೆ ಬೇರೆ ಬಾಗಿಲು ತಟ್ಟಬಹುದು.

ಬಿಸಿಲು ಕಂಡ ಬಣ್ಣ

ಬಣ್ಣದ ಮಾತು ಬಂದಾಗ ಮಾತ್ರ ಬಾಯಿ ತಡೆಯುತ್ತದೆ. ಜಾಹೀರಾತಿನ ಲೋಕದಲ್ಲಿ ಬಿಳಿ ಚರ್ಮದ ಹುಚ್ಚು ಇಂದಿಗೂ ಪೂರ್ತಿ ಬಿಟ್ಟಿಲ್ಲ. 'ಫೇರ್ ಅಂಡ್ ಲವ್ಲಿ' ಎಂಬ ಕ್ರೀಮು ತನ್ನ ಹೆಸರಿನಲ್ಲಿದ್ದ 'ಫೇರ್' ತೆಗೆದು 'ಗ್ಲೋ ಅಂಡ್ ಲವ್ಲಿ' ಆದದ್ದೇ 2020ರಲ್ಲಿ. ಪಾವಗಡದ ಬಿಸಿಲಲ್ಲಿ ಬೆಳೆದ ಮಕ್ಕಳು ಕನ್ನಡಿ ನೋಡಿಕೊಂಡು "ನಮ್ಮಂಥೋರಿಗಲ್ಲ ಬಿಡಿ" ಅಂದುಕೊಳ್ಳುವುದು ಇದರಿಂದಲೇ. ಅದೇ ಅಳುಕನ್ನು ಹಿಡಿದು 'ಬಣ್ಣ ತಿದ್ದುವ ಪ್ಯಾಕೇಜು' ಮಾರಲು ಬರುವವರೂ ಉಂಟು.

ಆದರೆ ಕೊಳ್ಳುವವರು ಏನು ಕೇಳ್ತಾರೆ? "ಚಿತ್ರದಲ್ಲಿ ಚೆನ್ನಾಗಿತ್ತು, ನನ್ನ ಮೈಬಣ್ಣಕ್ಕೆ ಒಪ್ಪಲಿಲ್ಲ" ಅಂತ ಸೀರೆ ವಾಪಸು ತರುತ್ತಾರೆ. ಕೊಳ್ಳುವವಳ ಬಣ್ಣದವಳೇ ಉಟ್ಟು ನಿಂತರೆ ಆ ತಕರಾರು ಅರ್ಧ ಕಮ್ಮಿಯಾಗುತ್ತದೆ. ಇದು ಸಮಾಜ ಸುಧಾರಣೆಯ ಭಾಷಣವಲ್ಲ, ಶುದ್ಧ ವ್ಯಾಪಾರ.

ಶುರು ಎಲ್ಲಿಂದ? ಪೇಟೆ ಬೀದಿಯಿಂದ!

ಬೆಂಗಳೂರು ಬಸ್ಸು ಹತ್ತುವ ಮೊದಲು ಊರಲ್ಲೇ ಮಾಡಬಹುದಾದದ್ದು ಬಹಳ ಇದೆ. ಖರ್ಚೂ ಇಲ್ಲ.

ಮೊದಲನೆಯದು ಫೋಟೋ. ಆಲ್ಬಮ್ಮಿಗೆ ಏಳು ಸಾವಿರ ಬೇಡ. ಸುಣ್ಣ ಹೊಡೆದ ಖಾಲಿ ಗೋಡೆ, ಬೆಳಗಿನ ಬೆಳಕು, ಅಕ್ಕನೋ ತಮ್ಮನೋ ಹಿಡಿದ ಮೊಬೈಲು ಸಾಕು. ಮೈಗೆ ಸರಿಹೊಂದುವ ಸಾದಾ ಬಟ್ಟೆ, ಮುಖಕ್ಕೆ ಬಣ್ಣ ಬೇಡ, ಕೂದಲು ಹಿಂದಕ್ಕೆ. ಎದುರಿನಿಂದ ಒಂದು, ಎರಡು ಪಕ್ಕದಿಂದ ಒಂದೊಂದು, ಪೂರ್ತಿ ನಿಂತದ್ದು ಒಂದು, ನಕ್ಕದ್ದು ಒಂದು. ಅಸಲಿ ಕಂಪನಿಯವರು ಮೊದಲು ಕೇಳುವುದು ಇಂಥ ಚಿತ್ರವನ್ನೇ. ಮೇಕಪ್ಪಿನ ಕೆಳಗೆ ಏನಿದೆ ಅಂತ ಅವರು ನೋಡಬೇಕಲ್ಲ.

ಎರಡನೆಯದು ಅಳತೆ. ಟೈಲರ್ ಅಂಗಡಿಯ ಟೇಪು ಹಿಡಿದು ಎತ್ತರ, ಎದೆ, ಸೊಂಟ, ನಿತಂಬ, ಭುಜ, ಚಪ್ಪಲಿ ನಂಬರು ಬರೆದಿಡಬೇಕು. ಇದ್ದದ್ದು ಇದ್ದಂತೆ ಬರೆಯಬೇಕು. ಎರಡಿಂಚು ಸುಳ್ಳು ಹೇಳಿದರೆ ಅಂಗಿ ತೊಡಿಸಿದ ತಕ್ಷಣ ಬಯಲು.

ಮೂರನೆಯದು ಅಭ್ಯಾಸ. ಪಾವಗಡ ತಾಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆ ನೇಯುವ ಊರು. ಶಿರಾ ಸೀಮೆಯ ಕಂಬಳಿ ಹೆಸರಾದದ್ದು. ಪೇಟೆಯ ಜವಳಿ ಅಂಗಡಿಗಳು ಹೊಸ ಮಾಲಿನ ಫೋಟೋ ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳಿಸುವ ಕಾಲ ಇದು. ಮಡಿಸಿಟ್ಟ ಸೀರೆಯ ಫೋಟೋಗಿಂತ ಉಟ್ಟ ಸೀರೆಯ ಫೋಟೋ ಹೆಚ್ಚು ಹೇಳುತ್ತದೆ. ಗುರುತಿನ ಅಂಗಡಿಗೆ ಒಂದು ಮಧ್ಯಾಹ್ನ ಅಕ್ಕನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ ಹತ್ತು ಸೀರೆ ಉಟ್ಟು ನಿಂತರೆ, ಕೂಲಿಯೂ ಆಯಿತು, ಕಲಿಕೆಯೂ ಆಯಿತು. ಆ ಚಿತ್ರಗಳೇ ಮುಂದೆ ಬೆಂಗಳೂರಿನಲ್ಲಿ ತೋರಿಸುವ ಆಲ್ಬಮ್ಮು.

ಅಂಗಡಿಯವರಿಗೂ ಒಂದು ಮಾತು. ಯಾವುದೋ ಕಂಪನಿಯ ಚಿತ್ರ ಕದ್ದು ಹಾಕಿ ಬೇರೆ ಸೀರೆ ಕಟ್ಟಿಕೊಟ್ಟರೆ 1957ರ ಕೃತಿಸ್ವಾಮ್ಯ ಕಾಯಿದೆಯೂ ಉಂಟು, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಉಂಟು. ಅದರ ಬದಲು ಊರ ಹುಡುಗಿಗೆ ನ್ಯಾಯವಾದ ಕೂಲಿ ಕೊಟ್ಟು, ಒಂದು ಚೀಟಿ ಬರೆದುಕೊಟ್ಟು, ನಿಮ್ಮ ಮಾಲಿನ ಚಿತ್ರ ನೀವೇ ತೆಗೆಸಿ. "ನಮ್ಮ ಹುಡುಗಿ ತಾನೆ, ದುಡ್ಡೇಕೆ" ಅನ್ನಬೇಡಿ. ನಮ್ಮ ಅಂಗಡಿ ತಾನೆ ಅಂತ ಅವಳು ಸೀರೆ ಪುಕ್ಕಟೆ ಒಯ್ದರೆ ಬಿಡ್ತೀರಾ?

ಪಾವಗಡದ ರೈತರು ಕಲಿಸಿದ ಪಾಠ

ಕೆಲಸ ಸಿಕ್ಕಿತು ಅನ್ನಿ. ಸಹಿ ಹಾಕುವ ಕಾಗದದಲ್ಲಿ ಏನು ನೋಡಬೇಕು? ಉತ್ತರ ಪಾವಗಡ ತಾಲೂಕಿನಲ್ಲೇ ಇದೆ. ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಪಾರ್ಕು ನಿಂತಿದೆ. ರೈತರು ಅದಕ್ಕೆ ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂ. ಅಂತ ಶುರುವಾಯಿತು. ಜಮೀನು ಯಾರದು, ಬಾಡಿಗೆ ಎಷ್ಟು, ಎಷ್ಟು ವರ್ಷ, ಎಲ್ಲ ಕಾಗದದಲ್ಲಿ.

ಮುಖವೂ ಹಾಗೇ. ಮಾರಬಾರದು, ಗುತ್ತಿಗೆಗೆ ಕೊಡಬೇಕು. ಈ ಚಿತ್ರ ಎಲ್ಲಿ ಹಾಕ್ತೀರಿ, ಮೊಬೈಲಿನಲ್ಲಿ ಮಾತ್ರವೋ, ರಸ್ತೆ ಬದಿಯ ಬೋರ್ಡಿಗೂ ಹಾಕ್ತೀರೋ, ಎಷ್ಟು ತಿಂಗಳು, ಹಣ ಯಾವ ತಾರೀಖಿಗೆ, ಇಷ್ಟೂ ಬರಹದಲ್ಲಿರಲಿ. ಒಳ ಉಡುಪಿನ ಚಿತ್ರ ಬೇಡವೆಂದರೆ ಅದೂ ಮೊದಲೇ ಬರಹದಲ್ಲಿರಲಿ.

ಈಗ ಇನ್ನೊಂದು ಸಾಲೂ ಸೇರಿಸಬೇಕಾಗಿದೆ. ಯಂತ್ರವೇ ಮಾಡೆಲ್ಲನ್ನು ಸೃಷ್ಟಿಸುವ ಕಾಲ ಬಂದಿದೆ. ಜೀನ್ಸ್ ಮಾರುವ ಲೀವೈಸ್ ಕಂಪನಿ 2023ರಲ್ಲಿ ಎ.ಐ. ಮಾಡೆಲುಗಳನ್ನು ಪರೀಕ್ಷೆ ಮಾಡುವುದಾಗಿ ಹೇಳಿ ಟೀಕೆಗೆ ಗುರಿಯಾಯಿತು. 2025ರಲ್ಲಿ ಎಚ್ ಅಂಡ್ ಎಂ ಕಂಪನಿ 30 ಮಂದಿ ನಿಜವಾದ ಮಾಡೆಲುಗಳ ಒಪ್ಪಿಗೆ ಪಡೆದು ಅವರ ಗಣಕ ಪ್ರತಿರೂಪ ಮಾಡುವುದಾಗಿ ಪ್ರಕಟಿಸಿತು. ಒಂದು ದಿನದ ಕೂಲಿ ಕೊಟ್ಟು ಮುಖವನ್ನು ಶಾಶ್ವತವಾಗಿ ಯಂತ್ರಕ್ಕೆ ಉಣಿಸುವವರೂ ಬಂದಾರು. "ಎ.ಐ.ಗೆ ಬಳಸತಕ್ಕದ್ದಲ್ಲ" ಅಂತ ಒಂದು ಸಾಲು ಬರೆಸಲು ಮರೆಯಬಾರದು.

ಮಗುವಿನ ದುಡ್ಡು ಮಗುವಿಗೆ

"ನಮ್ಮ ಪುಟ್ಟಿ ಗೊಂಬೆ ಹಾಗಿದ್ದಾಳೆ, ಮಕ್ಕಳ ಅಂಗಡಿ ಕ್ಯಾಟಲಾಗಿಗೆ ಕಳಿಸೋಣ" ಅನ್ನುವ ತಾಯಂದಿರು ಬಹಳ. ಅದಕ್ಕೆ ಕಾನೂನಿನ ಕಟ್ಟುಪಾಡಿದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಯಿತು, 2017ರಲ್ಲಿ ನಿಯಮ ಬಂತು. ಅದರ ಪ್ರಕಾರ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿರಾಮವಿಲ್ಲದೆ ಮೂರು ಗಂಟೆ ಮೀರಬಾರದು. ಕೆಲಸ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಚಿತ್ರ ತೆಗೆಸುವವರೇ ಪಡೆಯಬೇಕು. ಬಂದ ಹಣದಲ್ಲಿ ಕನಿಷ್ಠ ಶೇಕಡಾ 20 ಭಾಗ ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ದೂಡುವ ಹಾಗಿಲ್ಲ. "ಅನುಮತಿ ಕಾಗದ ಎಲ್ಲಿ?" ಅಂತ ಒಂದೇ ಪ್ರಶ್ನೆ ಕೇಳಿ ನೋಡಿ. ಅಸಲಿಯವರು ಕಾಗದ ತೋರಿಸ್ತಾರೆ, ನಕಲಿಯವರು ಫೋನಿಡ್ತಾರೆ.

ಕೇಳುವವನೋ, ಕೊಡುವವನೋ?

ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2014ರಲ್ಲಿ ಕ್ಲೀನ್ ಅಂಡ್ ಕ್ಲಿಯರ್ ಕಂಪನಿಯ ಸ್ಪರ್ಧೆ ಗೆದ್ದು ಸಿನಿಮಾಕ್ಕೆ ಹೋದರು. ಬೆಂಗಳೂರಿನಲ್ಲಿ ಮಾಡೆಲ್ ಆಗಿದ್ದ ದೀಪಿಕಾ ಪಡುಕೋಣೆ ಮೊದಲು ನಟಿಸಿದ್ದು 2006ರ ಕನ್ನಡ ಚಿತ್ರ 'ಐಶ್ವರ್ಯ'ದಲ್ಲಿ. ಈ ಹೆಸರುಗಳನ್ನು ಮುಂದಿಟ್ಟು "ನಿಮ್ಮ ಮಗಳೂ ಹಂಗೇ ಆಗ್ತಾಳೆ" ಅಂತ ಆಸೆ ಹುಟ್ಟಿಸುತ್ತಾರೆ. ಆದರೆ ಕ್ಯಾಟಲಾಗಿನ ಕೆಲಸ ನಕ್ಷತ್ರವಾಗುವ ಕೆಲಸವಲ್ಲ, ಟೈಲರಿಂಗಿನ ಹಾಗೆ, ಕಂಡಕ್ಟರಿಕೆಯ ಹಾಗೆ ಒಂದು ಕಸುಬು. ಕಸುಬು ಅಂದ ಮೇಲೆ ಅದಕ್ಕೆ ಒಂದೇ ಪರೀಕ್ಷೆ: ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ?

ಜೇನು ಕಿತ್ತವನು ಕೈ ನೆಕ್ಕದೆ ಬಿಡನು. ಸರಿಯಾದ ಏಜೆನ್ಸಿಯೂ ಪಾಲು ತೆಗೆದುಕೊಳ್ಳುತ್ತದೆ. ಆದರೆ ಸಂಭಾವನೆ ಬಂದ ಮೇಲೆ, ಆ ಸಂಭಾವನೆಯಲ್ಲೇ ಶೇಕಡಾ ಇಷ್ಟು ಅಂತ. ಜೇನು ಕೀಳುವ ಮೊದಲೇ ಕೈ ಚಾಚಿದವನನ್ನು ನಂಬಬಾರದು. ಹಣ 'ಪಡೆಯಲು' ಮೊಬೈಲಿನಲ್ಲಿ ಪಿನ್ ಒತ್ತು ಅಂದರೆ ಅದು ಪಕ್ಕಾ ಮೋಸ. ಪಿನ್ ಬೇಕಾಗುವುದು ಕೊಡುವಾಗ ಮಾತ್ರ. 'ಮೈಕಟ್ಟು ನೋಡಬೇಕು' ಅಂತ ಅರೆಬಟ್ಟೆಯ ಫೋಟೋ ಕೇಳಿದರೆ ಮಾತು ಅಲ್ಲಿಗೇ ನಿಲ್ಲಬೇಕು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಚಾರ್ಜಿಲ್ಲ ಅಂತ 2023ರ ಶಕ್ತಿ ಯೋಜನೆಯಿಂದ ಅನುಕೂಲವಾಗಿದೆ ನಿಜ. ಆದರೆ ಮೊದಲ ಸಲ ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ. ಹೋಟೆಲ್ ರೂಮಿಗೆ ಬಾ ಅಂದರೆ ವಾಪಸು ಬಸ್ಸು ಹತ್ತಬೇಕು.

ಹಣ ಹೋಗಿಯೇಬಿಟ್ಟಿದೆಯೇ? ಅಳುತ್ತಾ ಕೂರಬೇಡಿ. ತಡಮಾಡದೆ 1930ಕ್ಕೆ ಫೋನು ಮಾಡಿ. ಎಷ್ಟು ಬೇಗ ಹೇಳಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮೆಸೇಜು, ನಂಬರು, ಹಣ ಕಳಿಸಿದ ರಸೀತಿ ಯಾವುದನ್ನೂ ಅಳಿಸಬಾರದು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ತುಮಕೂರಿನಲ್ಲಿ ಇದಕ್ಕೆಂದೇ ಸಿ.ಇ.ಎನ್. ಠಾಣೆಯಿದೆ. ಜನರ ಬಾಯಲ್ಲಿ ಇನ್ನೂ 'ಫೋರ್ ಟ್ವೆಂಟಿ' ಅಂತಿರುವ ವಂಚನೆಯ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿಗೆ ಬಂದಿದೆ. ನಂಬರು ಬದಲಾಗಿದೆ, ಅಪರಾಧ ಅದೇ. ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೆ 112 ಅಥವಾ ಮಹಿಳಾ ಸಹಾಯವಾಣಿ 181 ಇದೆ.

ಮನೆಯವರೂ ಒಂದು ಮಾತು ನೆನಪಿಡಬೇಕು. ಮಗಳು ಬಂದು "ಅಮ್ಮಾ, ಮೋಸ ಹೋದೆ" ಅಂದ ದಿನ ಬೈದರೆ, ಮುಂದಿನ ಸಲ ಅವಳು ಹೇಳುವುದಿಲ್ಲ. ಸರ ಬಿಡಿಸಿಕೊಳ್ಳಬಹುದು. ಮಗಳ ಬಾಯಿ ಮುಚ್ಚಿಹೋದರೆ ಬಿಡಿಸುವುದು ಕಷ್ಟ.

ಅತ್ತ ಜವಳಿ ಅಂಗಡಿಯಲ್ಲಿ ಸಂಜೆಯಾಗಿದೆ. ಬಿಚ್ಚಿದ ಇಪ್ಪತ್ತು ಸೀರೆಯನ್ನೂ ಮಡಿಸಿಟ್ಟು ಅಂಗಡಿ ಹುಡುಗ ಕೊನೆ ಬಸ್ಸಿಗೆ ಓಡುತ್ತಾನೆ. ಇಂದು ಸೆರಗು ಹೊದ್ದು ಎಷ್ಟು ಸಲ ತಿರುಗಿದನೋ ಅವನಿಗೇ ಲೆಕ್ಕವಿಲ್ಲ. ಜೇಬಿನಲ್ಲಿ ಸಂಬಳವಿದೆ. ಸೀರೆ ತೋರಿಸಿದ್ದಕ್ಕೆ ಅವನಿಂದ ಯಾರೂ ಒಂದು ರೂಪಾಯಿ ಕಿತ್ತಿಲ್ಲ.